ಜರ್ಮನ್ ತಾಟು

ಸಾವಂತ್ರವ್ವ ಬೇರೆಯೇ ಇಟ್ಟಿದ್ದ ಅಲ್ಯೂಮಿನಿಯಂನ ಜರ್ಮನ್ ತಾಟನ್ನು ಕಾಲಿನಿಂದ ಹೊಸ್ತಿಲಾಚೆ ನೂಕಿದಳು. ರೊಟ್ಟಿ ಜಾರಿ, ಕಟ್ಟೆಯ ಮೇಲೆ ಕೂತಿದ್ದ ಸೊಸೆ ಪರಸವ್ವನ ಕಾಲ ಬಳಿ ಬಿತ್ತು. “ಅಲ್ಲೇ ಉಣ್ಣು. ನಿನ್ನ ರಕ್ತದ ಕ್ಯಾನ್ಸರ್ ನಮಗ ಅಂಟೂದು ಬ್ಯಾಡ,” ಎಂದವಳು ಗೊರಗೊರ ಕೆಮ್ಮಿದಳು.

ಮಿರಜದ ಆಸ್ಪತ್ರೆಯಿಂದ ಹೊಸ ಗುಳಿಗೆ ಹಿಡಿದು ತಿಕೋಟಾಕ್ಕೆ ಮರಳಿ ಹನ್ನೆರಡು ದಿನ. ಜೋಡಿ ಬಂದಿದ್ದ ಗಂಡ ರಾಯಪ್ಪ ಇವತ್ತು ಬಾಯಿ ಬಿಟ್ಟಾನು, ನಾಳೆ ಬಿಟ್ಟಾನು ಎಂದು ಅಷ್ಟೂ ದಿನ ಪರಸವ್ವ ಹೊರಗೇ ಉಂಡಿದ್ದಳು. ನೆಲದ ಮೇಲಿನ ರೊಟ್ಟಿ ಕಂಡು ಪಿತ್ತ ನೆತ್ತಿಗೇರಿತು. ಒಳಗೆ ಉಣ್ಣುತ್ತಿದ್ದ ರಾಯಪ್ಪನಿಗೆ, “ಡಾಕ್ಟರು ಏನಂದ್ರು, ನಿಮ್ಮವ್ವಗ ಹೇಳ್ರಿ,” ಎಂದಳು. ಅವನು ತಲೆ ಎತ್ತದೆ ತುತ್ತು ಕಲಸಿದ.

“ನಾನ ಹೇಳ್ತೀನಿ. ನನ್ನ ಬ್ಯಾನಿ ಯಾರಿಗೂ ಅಂಟಂಗಿಲ್ಲ. ಈ ಗುಳಿಗಿ ರಕ್ತದಾಗಿನ ಕೆಟ್ಟದ್ದರ ಜೋಡಿ ಬ್ಯಾನಿ ತಡಿಯೂ ನನ್ನ ಕಸುವನ್ನೂ ಕೊಲ್ತಾವ. ನಿಮ್ಮ ಕೆಮ್ಮು ನನಗ ಅಂಟಿದ್ರ ನಾ ಉಳ್ಯಂಗಿಲ್ಲ. ಹಿಂಗಂತ ಡಾಕ್ಟರು ನಿಮ್ಮ ಮಗನ ಎದುರಿಗೇ ಅಂದಾರ.”

ಸಾವಂತ್ರವ್ವ ಮಗನ ಕಡೆ ನೋಡಿದಳು. ಅವನ ಕೈ ತಾಟಿನಲ್ಲೇ ನಿಂತಿತ್ತು.

ಪರಸವ್ವ ಒಳಗೆ ಬಂದು ಜರ್ಮನ್ ತಾಟನ್ನು ಅತ್ತೆಯ ಕೈಗಿಟ್ಟಳು. “ಕೆಮ್ಮು ಹೋಗೂ ತನಕ ಕಟ್ಟಿ ಮ್ಯಾಲ ನೀವು ಉಣ್ರಿ. ಗೊತ್ತಿದ್ದೂ ಸುಮ್ಮನಿದ್ದ ಮಗನ್ನೂ ಜೋಡಿ ಕರಕೊಂಡು ಹೋಗ್ರಿ.”