ಒಂದು ಲಂಗರು, ಒಂದು ಬಕೆಟ್ಟು

“ಇದು ಲಂಗರಲ್ಲ ಮಾರಾಯ, ಕಲ್ಲು,” ಎಂದರು ಮಹಾಬಳೇಶ್ವರ.

ಕುಬೇರ ತನ್ನ ಪಾಂಟೂನ್ ಬೋಟಿನ ಮೂಲೆಯಲ್ಲಿದ್ದ ಸಿಮೆಂಟು ಚೀಲವನ್ನು ಮೊದಲ ಸಲ ನೋಡುವವನಂತೆ ನೋಡಿದ. ಚೀಲದ ತುಂಬ ಹೊಳೆಗಲ್ಲು, ಬಾಯಿಗೆ ನೈಲಾನ್ ಹಗ್ಗ. ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಹಲಗೆ ಹಾಸಿ ತಗಡು ಹೊದಿಸಿದ ಆ ಬೋಟು, ಕೋಗಿಲಬನದ ಹಿನ್ನೀರಿನಲ್ಲಿ ಈಜಲು ಇಳಿದ ಬಸ್‌ಸ್ಟ್ಯಾಂಡಿನಂತೆ ಕಾಣುತ್ತಿತ್ತು. ಬೋಟಿನ ಪರವಾನಗಿಯ ತಪಾಸಣೆಗೆಂದು ಕಾರವಾರದಿಂದ ಬಂದ ಮಹಾಬಳೇಶ್ವರ, ಲೈಫ್ ಜಾಕೆಟ್ಟು, ಎಂಜಿನ್ನು, ಬೆಂಕಿ ಆರಿಸುವ ಮರಳಿನ ಬಕೆಟ್ಟು ಎಲ್ಲವನ್ನೂ ಒಪ್ಪಿ ಲಂಗರಿಗೆ ಬಂದು ನಿಂತಿದ್ದರು.

“ಭಾಳ ವಜ್ಜಾ ಐತ್ರಿ ಸಾಹೇಬ್ರ. ಎತ್ತಾಕ ಇಬ್ಬರು ಬೇಕು.”

“ಗಾಳಿ ಬಂದಾಗೆಲ್ಲ ನಿನ್ನ ಬೋಟು ಇದನ್ನು ಎಳಕೊಂಡು ಹೋಗ್ತದೆ, ಎಮ್ಮೆ ಗೂಟ ಕಿತ್ತುಕೊಂಡು ಹೋದ ಹಾಗೆ. ತೂಕ ಅಲ್ಲ, ಕೊಕ್ಕೆ ಬೇಕು. ಕೆಳಗೆ ಹೂಳನ್ನು ಕಚ್ಚಬೇಕು. ಊಟ ಮಾಡಿ ಬರ್ತೇನೆ. ಅಷ್ಟರಲ್ಲಿ ಸಿಕ್ಕಿದರೆ ಸಹಿ. ಇಲ್ಲದಿದ್ದರೆ ಮುಂದಿನ ತಿಂಗಳು.”

ಮಾರನೆಯ ದಿನವೇ ಬೋಟಿನ ಮೊದಲ ಟ್ರಿಪ್ಪು. ಬೆಳಗಾವಿಯಿಂದ ಇಪ್ಪತ್ತೆರಡು ಜನ ಹೊರಡುವವರಿದ್ದರು. ಕುಬೇರ ದಾಂಡೇಲಿಯ ಎರಡು ಹಾರ್ಡ್‌ವೇರ್ ಅಂಗಡಿಗೆ ಫೋನು ಹಚ್ಚಿದ. ಒಬ್ಬ ಗೇಟಿನ ಚಿಲಕ ಆದೀತೇ ಎಂದು ಕೇಳಿದ. ಇನ್ನೊಬ್ಬ ಸಮುದ್ರ ಇರುವ ಊರಿನಲ್ಲಿ ವಿಚಾರಿಸಲು ಹೇಳಿದ. ಆಗ ಅವನಿಗೆ ದಂಡೆಯ ಮೇಲಿನ ಮನೆಯ ಗುರುಸಿದ್ದವ್ವ ನೆನಪಾದಳು. ಅವಳಲ್ಲಿ ಪಾತಾಳಗರಡಿ ಇತ್ತು: ಬಾವಿಗೆ ಬಿದ್ದ ಕೊಡ ಎತ್ತುವ, ಎಂಟು ಕೊಕ್ಕೆಗಳ ಕಬ್ಬಿಣದ ಗೊಂಚಲು, ಸರಪಳಿ ಸಮೇತ.

“ಒಯ್ಯಿ. ಆದ್ರ ಒಂದು ಭಾಂಡೆ ಇಟ್ಟು ಒಯ್ಯಿ,” ಎಂದಳು ಗುರುಸಿದ್ದವ್ವ.

“ಸೋಮವಾರ ಹೊಸಾದು ಮಾಡಿಸಿ ನಿಂದು ನಿನಗ ತಂದು ಕೊಡ್ತೇನಿ, ಯವ್ವಾ.”

“ನೀ ತರತೀ. ಅದು ಬರಬೇಕಲಾ. ಒತ್ತೆ ಇಡದ ಒಯ್ದ್ರ ತಳದಾಗ ಕುಂತ ಬಿಡತೈತಿ. ನಮ್ಮತ್ತಿ ಒಮ್ಮೆ ಹಂಗ ಕೊಟ್ಟಿದ್ಲು. ಅದನ್ನ ಎತ್ತಾಕ ತೇರಗಾಂವದಿಂದ ಇನ್ನೊಂದು ತರಿಸಿದ್ರು.”

ಕುಬೇರ ತನ್ನ ಮೊಬೈಲು ಮುಂದೆ ಹಿಡಿದ.

“ಅದರಾಗ ನೀರ ನಿಂದರತಾವೇನು? ಭಾಂಡೆ ಅಂದೆ.”

ಬೋಟಿಗೆ ಓಡಿದ ಕುಬೇರನಿಗೆ ಅಲ್ಲಿ ಭಾಂಡೆ ಎನ್ನಿಸಿಕೊಳ್ಳುವಂಥದು ಕಂಡದ್ದು ಒಂದೇ. ಮರಳು ಸುರಿದು ಕೆಂಪು ಬಕೆಟ್ಟನ್ನು ಒಯ್ದು ಇಟ್ಟ.

ಮಹಾಬಳೇಶ್ವರ ಮರಳಿ ಬಂದು ಬೋಟು ಹತ್ತಿದಾಗ, ಕುಬೇರ ತಗಡಿನ ಮಾಡಿಗೆ ನೇತುಹಾಕಿದ್ದ ಪಾತಾಳಗರಡಿಯ ಕೊಕ್ಕೆಯೊಂದು ಅವರ ಮೂಗಿನಿಂದ ಗೇಣು ದೂರದಲ್ಲಿ ತೂಗಾಡುತ್ತಿತ್ತು.

“ಇಪ್ಪತ್ತೆರಡು ಜನರಲ್ಲಿ ಯಾರ ಕಣ್ಣಿಗೆ ಇದು?”

“ಗುರುಸಿದ್ದವ್ವನ ಮನ್ಯಾಗ ತೊಲಿಗೆ ಹಿಂಗ ತೂಗಹಾಕ್ಯಾರ್ರಿ.”

“ಅವರ ಮನೆ ಅಲ್ಲಾಡ್ತದೋ?”

ಕುಬೇರ ಅದನ್ನು ಇಳಿಸಿ ನೆಲದ ಮೇಲಿಟ್ಟ.

“ಅಲ್ಲೂ ಬೇಡ. ಉರುಳಿ ಬಿದ್ದು ಕೊಳವೆಗೆ ತೂತು ಮಾಡಿದರೆ ನಿನ್ನ ಬೋಟೇ ಲಂಗರಾಗ್ತದೆ.”

ಕಡೆಗೆ ಬೋಟಿನ ಮಗ್ಗುಲಿಗೆ ಕಟ್ಟಿದ್ದ ಹಳೆಯ ಟೈರೊಂದನ್ನು ಬಿಚ್ಚಿ ಮುಂದಿನ ಮೂಲೆಯಲ್ಲಿ ಬಿಗಿದು, ಕೊಕ್ಕೆಗಳನ್ನು ಅದರ ಹೊಟ್ಟೆಯೊಳಗೆ ಕೂರಿಸಿ, ಮೇಲೆ ಸರಪಳಿ ಸುತ್ತಿಟ್ಟದ್ದು ಸಾಹೇಬರಿಗೆ ಒಪ್ಪಿಗೆಯಾಯಿತು. ನೀರಿಗೆ ಬಿಟ್ಟು ಎಂಜಿನ್ನು ಹಿಂದಕ್ಕೆ ಓಡಿಸಿ ನೋಡಿದರು. ಹಗ್ಗ ಬಿಗಿಯಿತು, ಬೋಟು ಜಗ್ಗಲಿಲ್ಲ. ದಂಡೆಗೆ ಬಂದು ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು.

“ಬಕೆಟ್ಟು?”

ಕುಬೇರ ಹೇಳಿದ. ಸಾಹೇಬರು ಹಳೆಯ ಫೈಲು ಓದುವ ಸಹನೆಯಿಂದ ಕೇಳಿದರು.

“ಬಿಡಿಸಿ ತಾ.”

“ತಂದ್ರ ಇದನ್ನ ವಾಪಸ್ ಕೊಡಬೇಕಾಕ್ಕೈತ್ರಿ.”

“ಬೇರೆ ಪಾತ್ರೆ ಇಡು.”

“ನಮ್ಮ ತಾಂಡಾ ಹಳಿಯಾಳದ ಆಚಿಗೈತ್ರಿ. ತರೂದ್ರಾಗ ನೀವು ಕಾರವಾರ ಮುಟ್ಟಿರತೀರಿ.”

ಹೀಗೆ ಬೋಟಿಗೆ ಲಂಗರು ಇದ್ದರೆ ಬಕೆಟ್ಟು ಇಲ್ಲ, ಬಕೆಟ್ಟು ಬಂದರೆ ಲಂಗರು ಇಲ್ಲ ಎಂಬ ಪರಿಸ್ಥಿತಿ ಬಂತು. ತಪಾಸಣೆಯ ಪಟ್ಟಿಯಲ್ಲಿ ಎರಡೂ ಇರಬೇಕೆಂದಿತ್ತು. ಮಹಾಬಳೇಶ್ವರ ತಾವೇ ದಂಡೆ ಹತ್ತಿ ಗುರುಸಿದ್ದವ್ವನ ಕಟ್ಟೆಯ ಮುಂದೆ ನಿಂತರು.

“ಸೋಮವಾರ ವಾಪಸು ಬರ್ತದೆ ಅಜ್ಜಿ. ಬೇಕಾದರೆ ಬರೆದು ಕೊಡ್ತೇನೆ.”

“ಬರದ ಕೊಟ್ರೂ ಅಷ್ಟರೀ ಸಾಹೇಬ್ರ. ಪಾತಾಳಗರಡಿಗೆ ಓದಾಕ ಬರೂದಿಲ್ಲ.”

ಸಾಹೇಬರು ಜೀಪಿಗೆ ಹೋಗಿ, ಆಗಷ್ಟೇ ಊಟ ಮುಗಿಸಿ ತೊಳೆದಿಟ್ಟಿದ್ದ ಸ್ಟೀಲಿನ ಟಿಫಿನ್ ಕ್ಯಾರಿಯರ್ ತಂದು ಅವಳ ಮುಂದಿಟ್ಟರು. ಗುರುಸಿದ್ದವ್ವ ಅದನ್ನು ಬಿಸಿಲಿಗೆ ತಿರುಗಿಸಿ, ಮುಚ್ಚಳದ ಮೇಲೆ ಕೊರೆಸಿದ್ದ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

“ನಿರ್ಮಲಾ. ಯಾರ್ರಿ ಇವರು?”

“ನನ್ನ ಹೆಂಡತಿ.”

“ಅವರಿಗೆ ಗೊತ್ತೈತೇನು?”

“ಮನೆಗೆ ಹೋದ ಮೇಲೆ ಗೊತ್ತಾಗ್ತದೆ.”

“ಹಂಗಾರ ಬಿಡಿಸ್ಕೊಳ್ಳಾಕ ಬಂದ ಬರ್ತೀರಿ ಬಿಡ್ರಿ,” ಎಂದು ಅವಳು ಬಕೆಟ್ಟನ್ನು ಕುಬೇರನತ್ತ ನೂಕಿದಳು.

ಸಹಿ ಕಟ್ಟೆಯ ಮೇಲೆಯೇ ಬಿತ್ತು. ಜೀಪು ಹೊರಟು ಧೂಳು ಕೂತಿತು. ಗುರುಸಿದ್ದವ್ವ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಹಿನ್ನೀರಿನ ಕಡೆಗೆ ನೋಡುತ್ತ ಕೂತೇ ಇದ್ದಳು.

“ಏನ ನೋಡಾಕತ್ತೀ, ಯವ್ವಾ?”

“ನಮ್ಮ ಹೊಲ ಆ ನೀರಾಗ ಹೋದಾಗಿಂದ ನೋಡೇನಿ ತಮ್ಮಾ. ಸರಕಾರದವ್ರು ಬಂದ್ರ ಏನರ ಒಯ್ಯಾಕ ಬರ್ತಾರ. ಇಟ್ಟು ಹೋದಾಂವ ಇವನ ಮೊದಲನೇದಾಂವ.”