ಕೊಳಲು ಹಿಡಿದ ಬೆರಳು

"ಕಿರುಬೆರಳು ಎತ್ತು ಅಂದೆನಲ್ಲ," ಎಂದು ಶಿಲ್ಪಿ ಹೆಂಡತಿಯ ಮೇಲೆ ಸಿಡುಕಿದ. ಕಲ್ಲಿನ ವೇಣುಗೋಪಾಲನಿಗೆ ಕಾಲು ಅಡ್ಡಹಾಕಿದ ನಿಲುವು ಬಂದಿತ್ತು, ತುಟಿಯಂಚಿನ ನಗೆಯೂ ಬಂದಿತ್ತು. ಕೊಳಲಿನ ಮೇಲಿನ ಬೆರಳುಗಳಷ್ಟೇ ಬಾಕಿ. ಅವುಗಳಿಗಾಗಿ ಎಂದಿನಂತೆ ಅವಳನ್ನು ಅಡುಗೆಮನೆಯಿಂದ ಕರೆದು, ಲಟ್ಟಣಿಗೆಯನ್ನೇ ಕೊಳಲಿನಂತೆ ಹಿಡಿಸಿ ನಿಲ್ಲಿಸಿದ್ದ.

"ಎತ್ತಿದೀನಿ. ಅದು ಏಳೋದೇ ಅಷ್ಟು," ಎಂದಳು ಅವಳು.

ಅವನು ಉಳಿ ಕೆಳಗಿಟ್ಟು ಬಂದು, ಆ ಬೆರಳನ್ನು ಹಿಡಿದು ನೇರ ಮಾಡಹೋದ. ಅವಳು ಹಲ್ಲು ಕಚ್ಚಿದಳು. ಗೆಣ್ಣುಗಳು ಗಂಟುಗಟ್ಟಿದ್ದವು, ತುದಿಯ ಚರ್ಮ ಸವೆದು ನುಣ್ಣಗಾಗಿತ್ತು. ಅವನು ಕೆತ್ತಿದ ಒಂದೊಂದು ಮೂರ್ತಿಯನ್ನೂ ನೀರು ಹಾಕಿ, ಸಾಣೆಕಲ್ಲಿನಿಂದ ಉಜ್ಜಿ ಹೊಳಪು ತಂದವಳು ಅವಳೇ. 'ಏನು ಬೆರಳು ಸ್ವಾಮಿ, ಬೆಣ್ಣೆಯಲ್ಲಿ ಮಾಡಿದ ಹಾಗಿದೆ' ಎಂದು ಜನ ಆ ಮೂರ್ತಿಗಳನ್ನು ಹೊಗಳಿದಾಗಲೆಲ್ಲ ಮೀಸೆ ತಿರುವಿದವನು ಮಾತ್ರ ಅವನು. ಈಗ ಹಿಡಿದ ಬೆರಳನ್ನು ಬಿಡದೆ, ಅದರ ಗೆಣ್ಣುಗಳನ್ನು ಒಂದೊಂದಾಗಿ ಸವರಿ ನೋಡಿದ; ಅದು ಯಾವಾಗಿನಿಂದ ಹೀಗಾಗಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

"ಹಳೇದು ನೆನಪಿದ್ರೆ ಅದನ್ನೇ ಕೆತ್ತಿಬಿಡಿ," ಎಂದಳು ಅವಳು, ಲಟ್ಟಣಿಗೆ ಇಳಿಸುತ್ತ. "ಆದ್ರೆ ಸ್ವಲ್ಪ ಬೇಗ ಮುಗಿಸಿ. ಉಜ್ಜೋಕೆ ನಂಗೀಗ ಮೊದಲಿಗಿಂತ ಹೊತ್ತು ಹಿಡಿಯುತ್ತೆ."