ಉಳಿದ ಒಂದು ಚಿತ್ರ

ಮೂರು ತಿಂಗಳು ಉಸಿರು ಬಿಗಿಹಿಡಿದು ಮಾಡಿದ್ದೆಲ್ಲ ಒಂದೇ ನಿಮಿಷದಲ್ಲಿ ಮುಗಿದುಹೋಯಿತು. ಉಕ್ಕಿನ ಗುಂಡನೆಯ ಪೆಟ್ಟಿಗೆಯೊಳಗೆ ತಟ್ಟೆಯನ್ನು ತಿರುಗಿಸುತ್ತಿದ್ದ ಮೋಟರು ಟಕಟಕ ಎನ್ನುತ್ತಿದ್ದದ್ದು ಗಪ್ಪನೆ ನಿಂತಿತು. ದಪ್ಪ ಗಾಜಿನ ಈಚೆ ನಿಂತಿದ್ದ ಅತ್ತಿಗೆ, "ಅಷ್ಟೇನಾ?" ಎಂದು ಕೇಳಿದಳು.

"ಅಷ್ಟೇ ಕಣೇ. ಸೆಕೆಂಡಿಗೆ ಹತ್ತು ಸಲ ಹೊಡೆಯೋ ಲೇಸರ್ ಇದು. ನಮ್ಮ ಹಳೇ ಲೇಸರ್ ಮುದುಕನ ಥರ ಒಂದು ಸಲ ಕೆಮ್ಮಿ ಗಂಟೆಗಟ್ಟಲೆ ಸುಧಾರಿಸ್ಕೊಳ್ಳಲ್ಲ," ಎಂದ ಅವಳ ಗಂಡ.

ಪ್ರಯೋಗಾಲಯದಲ್ಲಿ ಅವನು ಎಲ್ಲರಿಗೂ ಅಣ್ಣ, ಆದ್ದರಿಂದ ಅವಳು ಎಲ್ಲರಿಗೂ ಅತ್ತಿಗೆ. ಕೆಲಸಕ್ಕೆ ಮೊದಲು ಸೇರಿದವಳು ಅವಳೇ. ಆದರೂ ಹೆಸರು ಮಾತ್ರ ಅವನ ಕಡೆಯಿಂದ ಬಂದಿತ್ತು. ಲೇಸರ್ ಬಂದು ಬಡಿಯುವ ಗುರಿಗಳನ್ನು ಮಾಡುವುದು ಅವಳ ಕೆಲಸ. ಬಡಿದಾಗ ಚಿಮ್ಮುವ ಕಣಗಳ ಚಿತ್ರ ಹಿಡಿಯುವ ಡಿಟೆಕ್ಟರ್ ಅವನ ಸುಪರ್ದಿಯಲ್ಲಿತ್ತು. ಗುರಿ ಎಂದರೆ ಸೂಜಿಯ ಕಣ್ಣಿನಷ್ಟು ಅಗಲದ ಚಿನ್ನದ ಹಾಳೆ, ಸೋಪಿನ ಗುಳ್ಳೆಯ ಪೊರೆಗಿಂತಲೂ ತೆಳು. ಅದನ್ನು ಸೂಕ್ಷ್ಮದರ್ಶಕದಡಿ ಒಂದೇ ಕೂದಲಿನ ಕುಂಚದಿಂದ ಎತ್ತಿ, ತಟ್ಟೆಯ ಒಂದೊಂದು ತೂತಿನ ಮೇಲೂ ಸುಕ್ಕಿಲ್ಲದಂತೆ ಕೂರಿಸಬೇಕು. ಅವಳ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಜೋರಾಗಿ ನಗುವಂತಿಲ್ಲ, ಸೀನು ಬಂದರೆ ಮೂಗು ಹಿಡಿದುಕೊಂಡು ಆಚೆ ಓಡಬೇಕು. "ನನ್ನ ಹೆಂಡ್ತಿ ಉಸಿರಾಡೋದು ಮನೆಗೆ ಬಂದ ಮೇಲೇನೇ" ಎಂದು ಗಂಡ ಎಲ್ಲರೆದುರು ತಮಾಷೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು, ಬಾಯಿ ಮುಚ್ಚಿಕೊಂಡು.

ಇವತ್ತಿನ ಚಿತ್ರಗಳ ಮೇಲೆ ಆ ಕೋಣೆಯ ಹಣೆಬರಹ ನಿಂತಿತ್ತು. ಚೆನ್ನಾಗಿ ಬಂದರೆ ಅತ್ತಿಗೆಯ ಕೈಕೆಳಗೆ ಇನ್ನಷ್ಟು ಜನರನ್ನು ಕೊಡುತ್ತೇನೆ, ಬಾರದಿದ್ದರೆ ಕೋಣೆಗೆ ಬೀಗ ಹಾಕಿ, ಚಿನ್ನದ ಹಾಳೆಯ ಬದಲು ಲೇಸರಿಗೆ ಗುರಿಯಾಗಿ ಸುರುಳಿಯಿಂದ ಸುರುಳಿಗೆ ಓಡುವ ಟೇಪಿನ ಯಂತ್ರ ತರಿಸುತ್ತೇನೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ಟೇಪು ದಪ್ಪ, ಚಿತ್ರ ಅಷ್ಟು ನಿಚ್ಚಳವಾಗಿ ಬರುವುದಿಲ್ಲ. ಆದರೆ ಅದಕ್ಕೆ ಸಂಬಳ ಕೊಡಬೇಕಾಗಿಲ್ಲ.

ಗಂಡ ಕಂಪ್ಯೂಟರ್ ಮುಂದೆ ಕೂತು ಚಿತ್ರಗಳನ್ನು ತೆರೆಯಲು ಹೋದವನು ಅರ್ಧಕ್ಕೇ ಕೈ ತಡೆದ. ಅತ್ತಿಗೆ ಬೆನ್ನ ಹಿಂದೆ ಬಂದು ಇಣುಕಿದಳು. ಆರುನೂರು ಚಿತ್ರಗಳಿರಬೇಕಾದ ಜಾಗದಲ್ಲಿ ಒಂದೇ ಒಂದು ಇತ್ತು.

ಏನಾಗಿದೆಯೆಂದು ಇಬ್ಬರಿಗೂ ಗೊತ್ತಾಯಿತು. ಹಳೆಯ ಲೇಸರ್ ಒಮ್ಮೆ ಹೊಡೆದರೆ ತಣಿಯಲು ಹೊತ್ತು ಬೇಕು. ಆ ಬಿಡುವಿನಲ್ಲಿ ಅವನು ನಿಧಾನವಾಗಿ ಚಹಾ ಕುಡಿದು, ಬಂದ ಚಿತ್ರಕ್ಕೆ ತಾನೇ ಹೆಸರು ಬರೆದು ಎತ್ತಿಡುತ್ತಿದ್ದ. ವರ್ಷಗಟ್ಟಲೆಯ ಅಭ್ಯಾಸ. ಹೊಸದಕ್ಕೆ ಹೆಸರು ತಾನಾಗಿಯೇ ಬದಲಾಗುವಂತೆ ಮಾಡಿಡಬೇಕೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಎಲ್ಲವೂ ಒಂದೇ ಹೆಸರಿನಲ್ಲಿ ಬಂದವು. ಬಂದ ಪ್ರತಿಯೊಂದೂ ಹಿಂದಿನದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತು. ಉಳಿದದ್ದು ಕೊನೆಯದು.

ಅಷ್ಟರಲ್ಲಿ ಮೇಡಂ ಬಾಗಿಲು ತಳ್ಳಿಕೊಂಡು ಬಂದರು. "ಏನಪ್ಪಾ, ಹೇಗೆ ಬಂದಿವೆ?"

ಗಂಡ ಪರದೆ ಆರಿಸಿ ಎದ್ದು ನಿಂತ. "ಬಂದಿಲ್ಲ ಮೇಡಂ. ಗುರಿಗಳೇ ಸರಿ ಇರ್ಲಿಲ್ಲ. ಬರೀ ಸುಕ್ಕು. ತೋರಿಸೋಕೂ ಏನಿಲ್ಲ."

ಅತ್ತಿಗೆಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಈಗ ತಿದ್ದುತ್ತಾನೆ, ಈಗ ತಿದ್ದುತ್ತಾನೆ ಎಂದು ಅವನ ಬೆನ್ನನ್ನೇ ನೋಡುತ್ತ ನಿಂತಳು. ಕೋಣೆಗೆ ಬೀಗ ಬೀಳುತ್ತದೆ ಎಂಬುದಕ್ಕಿಂತ ಆ 'ಸುಕ್ಕು' ಎಂಬ ಮಾತೇ ಅವಳನ್ನು ಹೆಚ್ಚು ಸುಟ್ಟಿತು. ಸುಕ್ಕಿರಲಿಲ್ಲವೆಂದು ತೋರಿಸೋಣವೆಂದರೆ ಲೇಸರಿನ ಹೊಡೆತಕ್ಕೆ ಹಾಳೆಗಳೆಲ್ಲ ಆವಿಯಾಗಿ, ತಟ್ಟೆಯಲ್ಲಿ ತೂತುಗಳಲ್ಲದೆ ಇನ್ನೇನೂ ಉಳಿದಿರಲಿಲ್ಲ.

"ಇಲ್ಲ ಮೇಡಂ, ನಾನು ಒಂದೊಂದನ್ನೂ ಎರಡೆರಡು ಸಲ ನೋಡಿ..."

"ಬೇಜಾರು ಮಾಡ್ಕೋಬೇಡಮ್ಮ," ಎಂದು ಮೇಡಂ ಅವಳ ಭುಜ ತಟ್ಟಿದರು. "ಬೇರೆ ಯಾರಾದ್ರೂ ಹೇಳಿದ್ರೆ ಇನ್ನೊಂದು ಸಲ ವಿಚಾರಿಸ್ತಿದ್ದೆ. ಕಟ್ಟಿಕೊಂಡ ಗಂಡನೇ ಹೇಳ್ತಿದಾನಲ್ಲ, ಅವನಿಗೇನು ನಿನ್ನ ಮೇಲೆ ಹೊಟ್ಟೆಕಿಚ್ಚೇ?" ಟೇಪಿನ ಯಂತ್ರದವರಿಗೆ ಫೋನ್ ಮಾಡಬೇಕೆಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ಅವರು ಹೊರಟುಹೋದರು.

ಬಾಗಿಲು ಮುಚ್ಚಿಕೊಂಡ ಮೇಲೆ ಅತ್ತಿಗೆ, "ಆ ಒಂದನ್ನ ತೆಗೀರಿ, ನೋಡೋಣ," ಎಂದಳು.

ಅವನು ಮತ್ತೆ ಕೂತು ಪರದೆ ಹಚ್ಚಿದ. ಕಪ್ಪಿನ ನಡುವೆ ಒಂದು ಬೆಳ್ಳನೆಯ ಬೊಟ್ಟು, ತಿದ್ದಿ ಇಟ್ಟ ಹಾಗೆ. ಅಂಚು ಎಲ್ಲಿಯೂ ಕದಡಿರಲಿಲ್ಲ. ಹಾಳೆಯಲ್ಲಿ ಸುಕ್ಕಿದ್ದರೆ ಬೊಟ್ಟು ಹರಿದು ಚೆಲ್ಲಾಪಿಲ್ಲಿಯಾಗುತ್ತದೆ ಎಂದು ಮದುವೆಯಾದ ಹೊಸದರಲ್ಲಿ ಅವಳಿಗೆ ಹೇಳಿಕೊಟ್ಟವನು ಅವನೇ.

"ಹೇಗಿದೆ?"

"ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ," ಎಂದ. ಈ ಸಲ ಸುಳ್ಳು ಹೇಳಲಿಲ್ಲ.

"ಹಾಗಾದ್ರೆ ಮೇಡಂನ ಕರೀರಿ."

"ಕರೆದ್ರೆ ನನ್ನ ಕೆಲಸ ಹೋಗುತ್ತೆ ಕಣೇ. ಹೋದ ಸಲ ಎಡವಟ್ಟು ಮಾಡಿದಾಗಲೇ, ಇದೇ ಕೊನೆ ಅಂದಿದ್ರು." ಅವನು ಕುರ್ಚಿ ತಿರುಗಿಸಿದನೇ ಹೊರತು ಅವಳ ಮುಖ ನೋಡಲಿಲ್ಲ. "ನಿಂದು ಇವತ್ತಲ್ಲ ನಾಳೆ ಹೋಗೋದೇ ಇತ್ತು. ಯಂತ್ರ ಬರೋದನ್ನ ಯಾರು ತಡೀತಾರೆ? ಇಬ್ಬರೂ ಯಾಕೆ ಮುಳುಗಬೇಕು, ನೀನೇ ಹೇಳು. ಮನೆ ನಡೀಬೇಕಲ್ಲ."

ಅವಳು ಹೇಳಲಿ ಎಂದು ಅವನು ಕಾಯಲಿಲ್ಲ. ಚಿತ್ರದ ಮೇಲೆ ಬೆರಳು ಒತ್ತಿದ. ಬೊಟ್ಟಿನ ಮೇಲೆ ಒಂದು ಸಣ್ಣ ಚೌಕ ಮೂಡಿ, 'ಇದನ್ನು ಅಳಿಸಲೇ?' ಎಂದು ಕೇಳಿತು. ಕೆಳಗೆ ಅಕ್ಕಪಕ್ಕ 'ಹೌದು', 'ಬೇಡ' ಎಂದಿತ್ತು.

ಅತ್ತಿಗೆ ಬಾಗಿ ಅದನ್ನು ಓದಿದಳು.

"ನೋಡಿ," ಎಂದಳು, "ಇದಾದ್ರೂ ಒಂದು ಮಾತು ಕೇಳ್ತು."